ಸತ್ತ ಕತ್ತೆಯನ್ನು ಕಂಡವರಿಲ್ಲ

ಗುಡ್ಡದ ಮೇಲಿನ ಓಣಿಗಳಿಗೆ ನಲ್ಲಿ ಬರುವ ಮೊದಲು ಅಲ್ಲಿನವರ ಬಾಯಿಗೆ ನೀರು ಬೀಳುತ್ತಿದ್ದುದು ಇಬ್ಬರಿಂದ. ಒಬ್ಬಳು ನೀರಕ್ಕ; ಇನ್ನೊಂದು ಅವಳ ಕತ್ತೆ, ಬೂದಿ. ನೀರಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಓಣಿಯವರ ಬಾಯಲ್ಲಿ ಅದು ಎಂದೋ ತೊಳೆದುಹೋಗಿ ಬರೀ ನೀರಕ್ಕ ಉಳಿದಿದ್ದಳು. ಕತ್ತೆಗೆ ಮಾತ್ರ ಮೈಬಣ್ಣವೇ ಹೆಸರಾಗಿತ್ತು.

ಎರಡು ಪಕ್ಕೆಗೂ ತಗಡಿನ ಡಬ್ಬ ತೂಗಿಸಿಕೊಂಡು, ಬಂಡಿಯೂ ಸೈಕಲ್ಲೂ ಹತ್ತದ ಕಲ್ಲುಮೆಟ್ಟಿಲುಗಳನ್ನು ಬೂದಿ ಒಂದೊಂದಾಗಿ ಹತ್ತುತ್ತಿತ್ತು. ಯಾವ ಬಾಗಿಲಿಗೆ ನಿಲ್ಲಬೇಕು, ಯಾವುದನ್ನು ದಾಟಬೇಕು ಎಂದು ಅದಕ್ಕೆ ಯಾರೂ ಹೇಳಬೇಕಾಗಿರಲಿಲ್ಲ. ಬಾಗಿಲಿಗೆ ಬಂದು ಹಣೆಯಿಂದ ಒಮ್ಮೆ ಗುದ್ದುವುದು, ಒಳಗಿನವರು ತೆರೆದು ನೀರು ತುಂಬಿಕೊಳ್ಳುವವರೆಗೆ ಕಾಯುವುದು, ಡಬ್ಬದ ಮುಚ್ಚಳ ಬಿದ್ದ ಸದ್ದು ಕೇಳಿದ ಕೂಡಲೇ ಮುಂದಿನ ಮನೆಗೆ ಹೊರಡುವುದು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎನ್ನುತ್ತಾರೆ. ಬೂದಿಗೆ ಕಸ್ತೂರಿ ಗೊತ್ತಿತ್ತೋ ಇಲ್ಲವೋ, ದರ್ಜಿಯ ಮನೆಯಲ್ಲಿ ಸೌತೆಕಾಯಿ ಹೆಚ್ಚಿದರೆ ಓಣಿಯ ತಿರುವಿನಲ್ಲೇ ಗೊತ್ತಾಗುತ್ತಿತ್ತು.

ಬೂದಿಯನ್ನು ಸಾಕಿ ಬೆಳೆಸಿದವಳು ನೀರಕ್ಕನ ಅತ್ತೆ. ತಾಯಿ ಸತ್ತ ಮರಿಯನ್ನು ಮಡಿಲಲ್ಲಿ ಮಲಗಿಸಿಕೊಂಡು, ಬಟ್ಟೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಚೀಪಿಸಿದ್ದಳು. ಮಗ ಮದುವೆಯಾಗಿ ನೀರಕ್ಕ ಮನೆಗೆ ಬಂದಾಗ ಅತ್ತೆ ನೆಂಟರೆದುರಿಗೇ ಹೇಳಿದ್ದಳು: "ಈಗ ನನಗೆ ಇಬ್ಬರು ಸೊಸೆಯರು. ಒಬ್ಬಳಿಗೆ ಬಾಲ ಇದೆ, ಇನ್ನೊಬ್ಬಳಿಗೆ ಬಾಯಿ ಇದೆ. ಬಾಲ ಇರೋಳೇ ವಾಸಿ." ಆಮೇಲೆ ಮಗ ತೀರಿಕೊಂಡ. ಇಬ್ಬರು ಹೆಂಗಸರು, ಒಂದು ಕತ್ತೆ ಉಳಿದರು. ಅಳುವುದಕ್ಕೆ ಹೆಚ್ಚು ದಿನ ಸಿಗಲಿಲ್ಲ; ಓಣಿಗೆ ನೀರು ಬೇಕಿತ್ತು.

ಆಮೇಲೆ ನಲ್ಲಿ ಬಂತು. ನಲ್ಲಿಗೆ ಶಾಪ ಹಾಕುವುದು ಹೇಗೆ? ಅವಳ ಮನೆಯೊಳಗೂ ಬಂದಿತ್ತು. ತಿರುಗಿಸಿದರೆ ನೀರು ಸುರಿಯುವುದನ್ನು ಅತ್ತೆ, ಸೊಸೆ ಇಬ್ಬರೂ ನಿಂತು ನೋಡಿ ಸಂತೋಷಪಟ್ಟರು. ಅದೇ ವರ್ಷ ಅದೇ ನಲ್ಲಿಯ ಕೆಳಗಿನ ಪಾಚಿಯಲ್ಲಿ ಕಾಲು ಜಾರಿ ಅತ್ತೆಯ ಸೊಂಟ ಮುರಿಯಿತು. ಆಸ್ಪತ್ರೆಯವರು ಬೇಗ ಆಪರೇಷನ್ ಮಾಡಬೇಕು ಎಂದರು. ಮನೆಯಲ್ಲಿ ಮಾರುವಂಥದ್ದು ಏನಿದೆ ಎಂದು ನೀರಕ್ಕ ಸುತ್ತ ನೋಡಿದಳು. ಹಿತ್ತಿಲಲ್ಲಿ ಬೂದಿ ನಿಂತಿತ್ತು.

ಊರಾಚೆ ಹೊಸದಾಗಿ ಒಂದು ಚರ್ಮದ ಅಂಗಳ ತೆರೆದಿದ್ದರು. ಸುತ್ತಮುತ್ತಲಿನ ಕತ್ತೆಗಳನ್ನೆಲ್ಲ ಲಾರಿಯಲ್ಲಿ ತಂದು ಕೊಯ್ದು, ಚರ್ಮಕ್ಕೆ ಉಪ್ಪು ಸವರಿ ಹಡಗಿಗೆ ಕಳಿಸುತ್ತಿದ್ದರು. ಎಲ್ಲೋ ದೂರದ ದೇಶದಲ್ಲಿ ಆ ಚರ್ಮ ಕುದಿಸಿ, ಅಂಟು ತೆಗೆದು, ರಕ್ತ ಕಡಿಮೆಯಿರುವ ಹೆಂಗಸರಿಗೆ ಔಷಧ ಮಾಡುತ್ತಾರಂತೆ. ನೀರಕ್ಕ ಬೂದಿಯ ಕುತ್ತಿಗೆಯ ಹಗ್ಗ ಹಿಡಿದು ಅಲ್ಲಿಗೆ ನಡೆದಳು. ದಾರಿಯುದ್ದಕ್ಕೂ ಬೂದಿ ಪ್ರತಿ ಬಾಗಿಲಿಗೂ ನಿಲ್ಲಲು ನೋಡುತ್ತಿತ್ತು.

ಬೆಲೆ ಕೈಗೆ ಬಂತು. ಅಂಗಳದವನೊಬ್ಬ ಬೂದಿಯನ್ನು ಬಿಡಿಸಿಕೊಂಡು ದೊಡ್ಡಿಗೆ ಸೇರಿಸಿದ. ನೀರಕ್ಕ ತಿರುಗಿ ನೋಡದೆ ಹೊರಟುಬಿಡಬೇಕು ಎಂದುಕೊಂಡವಳು ಗೇಟಿನ ಹತ್ತಿರ ಗದ್ದಲ ಕೇಳಿ ನಿಂತಳು.

ದೊಡ್ಡಿಯಿಂದ ಕೊಯ್ಯುವ ಕೊಟ್ಟಿಗೆಗೆ ತಗಡಿನ ಗೋಡೆಯ ಒಂದು ಇಕ್ಕಟ್ಟು ಓಣಿ ಇತ್ತು. ಕತ್ತೆಗಳು ಆ ಓಣಿಯ ಬಾಯಿಗೆ ಬಂದು ನಾಲ್ಕೂ ಕಾಲು ಊರಿ ನಿಂತುಬಿಟ್ಟಿದ್ದವು. ರಕ್ತದ ವಾಸನೆ ಮೂಗಿಗೆ ಬಿದ್ದಮೇಲೆ ಕತ್ತೆಯನ್ನು ಅಲ್ಲಾಡಿಸುವುದು ಉಂಟೇ? ಒಬ್ಬ ಬಾಲ ತಿರುಚುತ್ತಿದ್ದ, ಒಬ್ಬ ಕೋಲೆತ್ತಿದ್ದ.

"ಹೊಡೀಬೇಡ್ರೋ! ಬಾಸುಂಡೆ ಬಿದ್ದ ಚರ್ಮ ಯಾವನಿಗೆ ಬೇಕು?" ಎಂದು ಮ್ಯಾನೇಜರ್ ಕೂಗುತ್ತಿದ್ದ. ಅವನು ಇನ್ನೂ ಎಳೆ ವಯಸ್ಸಿನವನು. ಕೋಟಿನ ಜೇಬಿನಲ್ಲಿ ಕರವಸ್ತ್ರ ಮಡಚಿಟ್ಟುಕೊಂಡು, ಮೂಗಿಗೆ ಹಿಡಿಯಲೋ ಬೇಡವೋ ಎಂದು ನಾಚುತ್ತಿದ್ದ. "ಇಂಗ್ಲಿಷಲ್ಲಿ ಒಂದು ಮಾತಿದೆ, ಕತ್ತೆಗೆ ಮುಂದೊಂದು ಕ್ಯಾರೆಟ್ಟು, ಹಿಂದೊಂದು ಕೋಲು ಇರಬೇಕು ಅಂತ. ನೀವು ಕೋಲು ಒಂದೇ ಕಲಿತಿದ್ದೀರಿ."

"ಕ್ಯಾರೆಟ್ ತಿನ್ನೋಕೆ ಬಾಯಿ ಬಿಟ್ರೆ ತಾನೇ ಸಾರ್? ಇವು ಉಸಿರನ್ನೂ ಬಿಡ್ತಿಲ್ಲ" ಎಂದ ಕೋಲಿನವನು.

ಅಷ್ಟರಲ್ಲಿ ಬೂದಿ, ನಿಂತ ಕತ್ತೆಗಳ ಸಂದಿಯಲ್ಲಿ ನುಸುಳಿಕೊಂಡು ಮುಂದೆ ಬಂತು. ಎದುರಿಗೆ ಓಣಿ ಇತ್ತು, ಓಣಿಯ ತುದಿಗೆ ಬಾಗಿಲಿತ್ತು. ಅದು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸವೇ ಅದಲ್ಲವೇ? ಕಿವಿಯಾಡಿಸುತ್ತ ಒಳಗೆ ನಡೆಯಿತು. ಅದರ ಬಾಲ ನೋಡಿಕೊಂಡು ಒಂದು ಕತ್ತೆ ಹಿಂದೆ ಹೊರಟಿತು, ಅದರ ಹಿಂದೆ ಇನ್ನೊಂದು, ಆಮೇಲೆ ಎಲ್ಲವೂ. ಕೋಲಿನವನು ಕೋಲು ಇಳಿಸಿದ. ಓಣಿಯ ತಿರುವಿನಲ್ಲಿ ಕಸ ಹೊರಹಾಕಲು ಪಕ್ಕಕ್ಕೊಂದು ಸಣ್ಣ ಬಾಗಿಲಿತ್ತು. ಬೂದಿ ಅದಕ್ಕೆ ಹಣೆಯಿಂದ ಗುದ್ದಿತು. ಆಚೆಗಿದ್ದವನು ಯಾರೋ ಕರೆದರು ಎಂದು ಅಗುಳಿ ತೆಗೆದ. ಬೂದಿ ಹೊರಗೆ ಬಂದು ಅವನೆದುರು, ನೀರು ಇಳಿಸಿಕೋ ಎನ್ನುವಂತೆ ನಿಂತಿತು; ಹಿಂದಿನ ಕತ್ತೆಗಳು ನೇರ ಕೊಟ್ಟಿಗೆಗೆ ನಡೆದವು.

ಮ್ಯಾನೇಜರ್ ನೀರಕ್ಕನನ್ನು ಹುಡುಕಿಕೊಂಡು ಗೇಟಿಗೆ ಓಡಿಬಂದ.

"ಅಮ್ಮಾ, ಇದನ್ನ ಕೊಯ್ಯಲ್ಲ. ಇದು ಮುಂದೆ ನಡೀಲಿ. ನೀನು ದಿನಾ ಬಂದು ನಡೆಸು, ಕೂಲಿ ಕೊಡ್ತೀನಿ."

"ಮಾರಿಬಿಟ್ಟಿದ್ದೀನಲ್ಲಪ್ಪ."

"ಮಾರಿದ್ದು ಮಾರಿದ್ದೇ. ಕತ್ತೆ ಅಂಗಳದ್ದು, ರಾತ್ರಿ ಇಲ್ಲೇ ಇರುತ್ತೆ. ಆದರೆ ಎಲ್ಲೀತನಕ ಮುಂದೆ ನಡೆಯುತ್ತೋ ಅಲ್ಲೀತನಕ ಅದರ ಕೂದಲೂ ಕೊಂಕಲ್ಲ. ನನ್ನ ಮಾತು."

ನೀರಕ್ಕ ತಗಡಿನ ಓಣಿಯತ್ತ ನೋಡಿದಳು. ಒಳಗಿನಿಂದ ಸದ್ದುಗಳು ಬರುತ್ತಿದ್ದವು. ಪಕ್ಕದ ಬಾಗಿಲ ಹೊರಗೆ ಬೂದಿ ನೆರಳಲ್ಲಿ ನಿಂತು ನೊಣ ಓಡಿಸಿಕೊಳ್ಳುತ್ತಿತ್ತು. ಅವಳು ಹೂಂ ಎಂದಳು. ಯಾರಾದರೂ ಏನೆನ್ನುತ್ತಿದ್ದರು?

ಅತ್ತೆಗೆ ಹೇಳಿದ್ದು ಬೇರೆ. ಊರಾಚೆ ಒಂದು ದೊಡ್ಡ ಕಾರ್ಖಾನೆ ಇದೆ, ಅಲ್ಲಿ ಬೂದಿಗೂ ನನಗೂ ನೀರು ಹೊರುವ ಕೆಲಸ ಸಿಕ್ಕಿದೆ, ದೂರವಾದ್ದರಿಂದ ಬೂದಿ ಅಲ್ಲೇ ಉಳಿಯುತ್ತದೆ. ಆಸ್ಪತ್ರೆಗೆ ಎಲ್ಲಿಂದ ತಂದೆ ಎಂದು ಅತ್ತೆ ಕೇಳಿದಾಗ, ಕಾರ್ಖಾನೆಯವರು ಮುಂಗಡ ಕೊಟ್ಟರು ಎಂದಳು. ಅತ್ತೆ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಒಳ್ಳೆ ಜನ" ಎಂದಳು.

ಬೂದಿಗೆ ಹೊಸ ಕೆಲಸ ಕಲಿಸಿದವಳು ನೀರಕ್ಕನೇ. ಖಾಲಿ ಓಣಿಯಲ್ಲಿ ನಡೆಸಿ, ಪಕ್ಕದ ಬಾಗಿಲಿಂದ ಹೊರಗೆ ಬಂದಕೂಡಲೇ ಒಂದು ಕ್ಯಾರೆಟ್ ಕೊಡುವುದು. ದೊಡ್ಡಿಯ ಹತ್ತಿರ ಒಂದು ಕಬ್ಬಿಣದ ತುಂಡು ತೂಗುಹಾಕಿದ್ದರು. ಲಾರಿ ಇಳಿಸಿ ಎಲ್ಲ ಸಿದ್ಧವಾದಾಗ ಅದನ್ನು ಬಾರಿಸುತ್ತಿದ್ದರು. ಆ ಸದ್ದಾದರೆ ಬೂದಿ ಎಲ್ಲೇ ಇರಲಿ, ಏನೇ ಮೇಯುತ್ತಿರಲಿ, ಬಿಟ್ಟು ದೊಡ್ಡಿಯ ಬಾಯಿಗೆ ಹೋಗಿ ನಿಲ್ಲುವಂತೆ ಕಲಿಸಿದಳು. ಕಲಿಸುವಾಗ ಅವಳಿಗೆ ಹೆಮ್ಮೆಯೂ ಆಗಿತ್ತು. ಬೇಗ ಕಲಿತಷ್ಟೂ ಬೇಗ ಅದರ ಜೀವ ಗಟ್ಟಿಯಾಗುತ್ತದೆ ಎಂಬುದೊಂದೇ ಅವಳ ತಲೆಯಲ್ಲಿದ್ದದ್ದು.

ಪಕ್ಕದ ಬಾಗಿಲಿನವನಿಗೆ ಮಾತಿನಮಲ್ಲ ಎಂದು ಹೆಸರು. ಬೂದಿ ಗುದ್ದಿದೊಡನೆ ಅಗುಳಿ ತೆಗೆಯುವುದು, ಅದು ಹೊರಬಂದೊಡನೆ ಹಾಕುವುದು ಅವನ ಕೆಲಸ. ಉಳಿದ ಹೊತ್ತೆಲ್ಲ ಮಾತು. ಒಳಗಿನಿಂದ ಸದ್ದು ಬರತೊಡಗಿದರೆ ಅವನ ದನಿ ಏರುತ್ತಿತ್ತು. ಹೆಂಡತಿಯ ತವರು, ಬಸ್ಸಿನ ಜಗಳ, ಹಲ್ಲುನೋವು, ಯಾವುದಾದರೂ ಸರಿ. ಆ ಮಾತು ತನ್ನ ಕಿವಿ ಮುಚ್ಚಲಿಕ್ಕೆ ಎಂದು ನೀರಕ್ಕನಿಗೆ ತಿಳಿಯಲು ಕೆಲವು ವಾರ ಬೇಕಾದವು. ತಿಳಿದಮೇಲೆ ಅವಳೂ ಪ್ರಶ್ನೆ ಕೇಳತೊಡಗಿದಳು, ಅವನ ಮಾತು ನಿಲ್ಲದಿರಲೆಂದು.

"ನಿನ್ನಂಥವನಿಗೇ ಇಂಗ್ಲಿಷಲ್ಲಿ ಮಾಡಿದ ಮಾತಿದೆ ಕಣಯ್ಯ. ಮಾತಾಡಿ ಮಾತಾಡಿ ಕತ್ತೆಯ ಹಿಂಗಾಲು ಉದುರಿಸೋನು" ಎಂದಿದ್ದ ಮ್ಯಾನೇಜರ್.

"ಉದುರಿಸೋಕೆ ಇಲ್ಲಿ ಬೇರೆಯವರಿದ್ದಾರಲ್ಲ ಸಾರ್" ಎಂದಿದ್ದ ಮಾತಿನಮಲ್ಲ.

ಮ್ಯಾನೇಜರನಿಗೆ ಅದೊಂದು ಖಯಾಲಿ. ಕಾಲೇಜಿನಲ್ಲಿ ಇಂಗ್ಲಿಷ್ ಓದಿದ್ದನಂತೆ, ಮೇಷ್ಟ್ರಾಗಬೇಕೆಂದಿದ್ದನಂತೆ. ಯಾರದೋ ಶಿಫಾರಸಿನಿಂದ ಇಲ್ಲಿಗೆ ಬಂದು ಬಿದ್ದಿದ್ದ. ಮಧ್ಯಾಹ್ನದ ಚಹಾದ ಹೊತ್ತಿಗೆ ಕತ್ತೆಯ ಮೇಲಿನ ಒಂದೊಂದು ಇಂಗ್ಲಿಷ್ ಮಾತನ್ನು ನೆನಪಿಸಿಕೊಂಡು ಅರ್ಥ ಹೇಳುತ್ತಿದ್ದ. ಹಾಗೆ ಹೇಳುವಾಗ ಮಾತ್ರ ಅವನ ಮುಖ ನೋಡುವ ಹಾಗಿರುತ್ತಿತ್ತು. ನೀರಕ್ಕ ಆ ಮಾತುಗಳನ್ನು ಸೆರಗಿನ ಗಂಟಿನಂತೆ ಜೋಪಾನವಾಗಿ ಮನೆಗೆ ಒಯ್ಯುತ್ತಿದ್ದಳು. ಆಪರೇಷನ್ ಆದರೂ ಏಳಲಾಗದೆ ಹಾಸಿಗೆ ಹಿಡಿದ ಅತ್ತೆಗೆ ಹೊರಗಿನ ಗಾಳಿ ಎಂದರೆ ಅಷ್ಟೇ.

"ಇವತ್ತೇನಂತೆ ನಿಮ್ಮ ಮ್ಯಾನೇಜರು?"

"ತುಂಬಾ ವರ್ಷ ಆಯ್ತು ಅನ್ನೋಕೆ ಇಂಗ್ಲಿಷಿನೋರು ಕತ್ತೆವರ್ಷ ಆಯ್ತು ಅಂತಾರಂತೆ."

"ಅವರ ಕತ್ತೆಗಳು ಸಾಯೋದೇ ಇಲ್ವೇನು? ಇಲ್ಲಿ ಕತ್ತೆಗೂ ಆಯಸ್ಸಿಲ್ಲ, ಕತ್ತೆ ಥರ ದುಡಿದೋರಿಗೂ ಇಲ್ಲ."

ಇನ್ನೊಂದು ಸಂಜೆ: "ಕೆಡವೋ ಕುದುರೆಗಿಂತ ಹೊರೋ ಕತ್ತೆ ಮೇಲಂತೆ ಅತ್ತೆ."

"ಅದು ಮಾತು! ನಿಮ್ಮ ಮಾವ ಕುದುರೆ ಕಣೇ. ನೋಡೋಕೂ ಹಾಗೇ ಇದ್ರು." ಅತ್ತೆ ನಕ್ಕು ನಕ್ಕು ಸೊಂಟ ಹಿಡಿದುಕೊಂಡಳು. "ನೀನು ಅವನಿಗೆ ನಮ್ಮದೊಂದು ಹೇಳು. ಕೆಲಸ ಆಗೋತನಕ ಕತ್ತೆ ಕಾಲು ಹಿಡಿ ಅಂತ. ಅದು ಅವರ ಭಾಷೆಯಲ್ಲಿದೆಯಾ ಕೇಳು."

ನೀರಕ್ಕ ಮರುದಿನ ಕೇಳಿದಳು. ಮ್ಯಾನೇಜರ್ ಬಹಳ ಯೋಚಿಸಿ, "ಕಾಲು ಹಿಡಿಯೋದು ಅವರಲ್ಲಿ ಇಲ್ಲಮ್ಮ" ಎಂದ. ಅತ್ತೆಗೆ ಅದು ದೊಡ್ಡ ಗೆಲುವಾಯಿತು.

ಮಾತಿನ ಕೊನೆಗೆ ಬೂದಿಯ ಸುದ್ದಿ. ಅದರಲ್ಲಿ ನೀರಕ್ಕ ಸುಳ್ಳು ಬೆರೆಸುತ್ತಿರಲಿಲ್ಲ. ಬೂದಿ ಮೈ ಕೈ ತುಂಬಿಕೊಂಡಿದೆ, ಕಾವಲುಗಾರನ ಟೋಪಿ ಅಗಿದುಬಿಟ್ಟಿತು, ಬಿಸಿಲೇರಿದರೆ ಲಾರಿಯ ಕೆಳಗೆ ತಲೆ ತೂರಿಸುತ್ತದೆ. ಅತ್ತೆ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು.

"ಒಂದು ಸಲ ಬಾಗಿಲಿಗೆ ಕರ್ಕೊಂಡು ಬಾರೇ. ಕಿಟಕೀಲಿ ನೋಡ್ತೀನಿ."

"ಬಿಡಲ್ಲ ಅತ್ತೆ. ಮುಂದಿನ ತಿಂಗಳು ಕೇಳ್ತೀನಿ."

ಮುಂದಿನ ತಿಂಗಳು ಕೇಳಿದಳು ಕೂಡ. ಅಂಗಳದ ಕತ್ತೆ ಗೇಟು ದಾಟುವಂತಿಲ್ಲ ಎಂದ ಮ್ಯಾನೇಜರ್, ಅವಳ ಕಣ್ಣು ತಪ್ಪಿಸಿ. ಅತ್ತೆ ಎರಡು ಮೂರು ಸಲ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಸದ್ಯ, ಮರೆತಳು ಎಂದುಕೊಂಡಳು ನೀರಕ್ಕ.

ಒಂದೇ ಒಂದು ಸಂಜೆ ಅತ್ತೆ ನಗಲಿಲ್ಲ. ಅಂದು ಮ್ಯಾನೇಜರ್ ಹೇಳಿದ್ದು: ಸತ್ತ ಕತ್ತೆಯನ್ನು ಕಂಡವರಿಲ್ಲ. ಇಂಗ್ಲಿಷಿನವರು ಹಾಗೆನ್ನುತ್ತಾರಂತೆ, ಕತ್ತೆ ಎಲ್ಲೋ ಮರೆಯಲ್ಲಿ ಹೋಗಿ ಸಾಯುತ್ತದಂತೆ. ಹೇಳಿ, ಸುತ್ತ ನೋಡಿ, ಅವನೇ ನಕ್ಕಿದ್ದ. ನಗು ಅರ್ಧಕ್ಕೇ ನಿಂತಿತ್ತು. ನೀರಕ್ಕ ಮನೆಗೆ ಬಂದು ಮಾತನ್ನಷ್ಟೇ ಹೇಳಿದಳು. ಅತ್ತೆ ಗಂಜಿಯ ಬಟ್ಟಲನ್ನು ಸೊಸೆಯ ಕಡೆ ಸರಿಸಿದಳು. "ಗಂಜಿ ಆರಿಹೋಗುತ್ತೆ, ನೀನು ಉಣ್ಣು" ಎಂದಳು.

ಎರಡು ಬೇಸಿಗೆ ಕಳೆದವು. ಬರುವ ಲಾರಿಗಳು ತೆಳ್ಳಗಾದವು. ಮೊದಲು ಕತ್ತೆಗಳು ಒಂದಕ್ಕೊಂದು ಒತ್ತಿಕೊಂಡು ಬರುತ್ತಿದ್ದವು. ಈಗ ಲಾರಿಯೊಳಗೆ ಅತ್ತಿಂದಿತ್ತ ಜೋಲಿ ಹೊಡೆಯುವಷ್ಟು ಜಾಗವಿರುತ್ತಿತ್ತು. ಕುಂಟು, ಕುರುಡು, ಬಸುರಿ, ಯಾವುದನ್ನೂ ಬಿಡುತ್ತಿರಲಿಲ್ಲ. ಬೂದಿ ಮಾತ್ರ ಎಲ್ಲವನ್ನೂ ಒಂದೇ ರೀತಿ ನಡೆಸಿಕೊಂಡು ಹೋಗುತ್ತಿತ್ತು. ದೊಡ್ಡಿಯಲ್ಲಿ ಹೆದರಿ ನಡುಗುವ ಕತ್ತೆ ಇದ್ದರೆ ಪಕ್ಕದಲ್ಲಿ ನಿಂತು ಅದರ ಕುತ್ತಿಗೆಗೆ ತನ್ನ ಕುತ್ತಿಗೆ ಒರಗಿಸುತ್ತಿತ್ತು. ನಡುಕ ನಿಂತಮೇಲೆ ಮುಂದೆ ಹೊರಡುತ್ತಿತ್ತು. ಅದನ್ನು ಯಾರೂ ಕಲಿಸಿರಲಿಲ್ಲ. ನೀರಕ್ಕನಿಗೆ ನೋಡಲಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮ್ಯಾನೇಜರ್ ಅವಳನ್ನು ತನ್ನ ಕೋಣೆಗೆ ಕರೆದು ಕುರ್ಚಿ ಎಳೆದುಕೊಟ್ಟ. ಅದುವರೆಗೆ ಅವಳು ಆ ಕುರ್ಚಿಯಲ್ಲಿ ಕೂತವಳಲ್ಲ.

"ಅಂಗಳ ಮುಚ್ತಿದ್ದಾರಮ್ಮ. ಈ ಕಡೆ ಇನ್ನು ಕತ್ತೆ ಇಲ್ಲ. ನಾಳೆ ಕೊನೇ ಲೋಡು. ಅದಾದಮೇಲೆ..." ಅವನು ಮೇಜಿನ ಮೇಲಿನ ಪೆನ್ನನ್ನು ಸರಿಸಿದ, ಮತ್ತೆ ಸರಿಸಿದ. "ಯಜಮಾನರು ಎಲ್ಲಾ ಮುಗಿಸಿ ಬಾ ಅಂದಿದ್ದಾರೆ. ಎಲ್ಲಾ ಅಂದ್ರೆ ಅದೂ ಸೇರಿ."

"ಮುಂದೆ ನಡೆಯೋತನಕ ಕೂದಲು ಕೊಂಕಲ್ಲ ಅಂದಿದ್ರಿ."

"ಅಂದಿದ್ದೆ. ನಡೆಯೋಕೆ ಹಿಂದೆ ಯಾರೂ ಇಲ್ವಲ್ಲಮ್ಮ ಇನ್ನು."

ಅವಳು ಎದ್ದಳು. ಬಾಗಿಲ ಹತ್ತಿರ ಹೋದಾಗ ಅವನು, ಕಿಟಕಿಯಾಚೆ ನೋಡುತ್ತ, "ಬೆಳಿಗ್ಗೆ ನಾನು ಸ್ವಲ್ಪ ತಡವಾಗಿ ಬರ್ತೀನಿ" ಎಂದ. ಅಷ್ಟು ಹೇಳಲು ಅವನಿಗೆ ಎಷ್ಟು ಧೈರ್ಯ ಬೇಕಾಯಿತೋ ಏನೋ. ಕಿವಿ ಕೆಂಪಾಗಿತ್ತು.

ನೀರಕ್ಕ ಹೋಗಿ ಮಾತಿನಮಲ್ಲನಿಗೆ ಹೇಳಿದಳು. ಅವನು ದನಿ ತಗ್ಗಿಸಿದ: "ಅಕ್ಕ, ನಾಳೆ ಎಂದಿನ ಹಾಗೆ ನಡೆಸು. ನನ್ನ ಬಾಗಿಲಿಂದ ಹೊರಗೆ ಬರುತ್ತಲ್ಲ, ಹಾಗೇ ಹಿಂದಿನ ಬೇಲಿ ದಾಟಿಸಿಬಿಡು. ಎಲ್ಲರ ಜೊತೆ ಒಳಗೆ ಹೋಯ್ತು ಅಂತೀನಿ. ಉಪ್ಪಿನ ಕೋಣೇಲಿ ಯಾವ ಚರ್ಮ ಯಾರದ್ದು ಅಂತ ಯಾರು ಕಂಡರು?"

ನೀರಕ್ಕ ತಲೆಯಾಡಿಸಿದಳು. "ಬೇಡಪ್ಪ. ಕೊನೇ ದಿನ ನಿನ್ನ ಜಾಗದಲ್ಲಿ ಇನ್ಯಾರನ್ನಾದರೂ ನಿಲ್ಲಿಸಿಬಿಟ್ಟರೆ? ಇನ್ನೊಂದು ಸಲ ಆ ಓಣಿಗೆ ಅದನ್ನ ಕಳಿಸೋಕೆ ನನ್ನ ಕೈಲಾಗಲ್ಲ. ಬೆಳಕು ಹರಿದಕೂಡಲೇ, ಲಾರಿ ಬರೋ ಮುಂಚೆ, ಕರ್ಕೊಂಡು ಹೋಗ್ತೀನಿ."

"ಹಾಗಾದ್ರೆ ಕೋಲು ಹಿಡಿದು ಅಟ್ಟೋಕೆ ನಾನೂ ದೊಡ್ಡಿ ಹತ್ರಾನೇ ಇರಬೇಕಾಗುತ್ತೆ. ಪಕ್ಕದ ಬಾಗಿಲಿಗೆ ಬೀಗ ಹಾಕಿಬಿಡ್ತೀನಿ, ಇಲ್ದಿದ್ರೆ ಬೇರೆ ಕತ್ತೆಗಳು ನುಗ್ಗಿಬಿಡ್ತವೆ." ಆಮೇಲೆ ಕೇಳಿದ: "ಎಲ್ಲಿ ಬಚ್ಚಿಡ್ತೀಯ?"

"ಮನೇಲೇ. ನಮ್ಮತ್ತೆ ನೋಡಬೇಕು ಅಂತಿದ್ರು."

ಹೇಳುವಾಗಲೇ ಅವಳ ಮೈ ಹಗುರವಾಯಿತು. ಅತ್ತೆಗೆ ಇನ್ನು ಸುಳ್ಳು ಹೇಳಬೇಕಾಗಿಲ್ಲ. ಹೇಳಿದ ಸುಳ್ಳೂ ಕೆಲಸವೂ ಎರಡೂ ಅಂಗಳದ ಜೊತೆ ಮುಚ್ಚಿಹೋಗುತ್ತವೆ. ಬಾಗಿಲಿಗೆ ಬಂದು ಬೂದಿ ಹಣೆಯಿಂದ ಗುದ್ದುತ್ತದೆ, ಅತ್ತೆಗೆ ಒಳಗಿನಿಂದಲೇ ಗೊತ್ತಾಗುತ್ತದೆ.

ಮರುದಿನ ಬೆಳಗಿನ ಮಬ್ಬಿನಲ್ಲಿ ಅವಳು ಬೂದಿಯನ್ನು ಬೇಲಿಯ ಕಂಡಿಯಿಂದ ಹೊರಗೆ ತಂದಳು. ಬೂದಿ ತಕರಾರು ಮಾಡಲಿಲ್ಲ. ಒಂದು ಒಣ ಕಾಲುವೆ, ಆಮೇಲೆ ಜಾಲಿಪೊದೆ, ಅದರಾಚೆ ಒಂದು ಹೊಂಡ. ಹೊಂಡದ ಹತ್ತಿರ ಬರುವಾಗ ಬೆಳಕು ಹರಿದಿತ್ತು, ಬೂದಿಯ ಮೈ ಚೆನ್ನಾಗಿ ಕಾಣಿಸಿತು. ಮೊಣಕಾಲವರೆಗೆ ಉಪ್ಪು ಬಿಳಿಯಾಗಿ ಹೆಪ್ಪುಗಟ್ಟಿತ್ತು. ಹೊಟ್ಟೆಯ ಪಕ್ಕಕ್ಕೆ, ಓಣಿಯ ಗೋಡೆಗೆ ಉಜ್ಜಿಕೊಂಡ ಕಡೆ, ಬೇರೆ ಕತ್ತೆಗಳ ರಕ್ತ ಒಣಗಿ ಕಂದಾಗಿತ್ತು. ಮೈಗೆ ಅಂಗಳದ ನಾತ.

ಹೀಗೇ ಅತ್ತೆಯೆದುರು ಹೇಗೆ ನಿಲ್ಲಿಸುವುದು?

ಅವಳು ಹಗ್ಗ ಬಿಚ್ಚಿ ಪೊದೆಗೆ ಎಸೆದು ಬೂದಿಯನ್ನು ನೀರಿಗಿಳಿಸಿದಳು. ಹುಲ್ಲು ಮುದ್ದೆ ಮಾಡಿ ತಿಕ್ಕಿದಳು. ಗೊರಸಿನ ಸಂದಿಗೆ ಬೆರಳು ಹಾಕಿ ಉಪ್ಪು ತೆಗೆದಳು. ಕಿವಿಯೊಳಗೆ, ಗಲ್ಲದ ಕೆಳಗೆ, ಬಾಲದ ಕುಚ್ಚಿಗೆ. ಬೂದಿಗೆ ಸುಖವೆನಿಸಿ ಕೆಳತುಟಿ ಜೋತುಬಿದ್ದಿತು. "ಮದುವಣಗಿತ್ತಿ ಥರ ಮಾಡ್ತೀನಿ ತಡಿ. ಅತ್ತೆ ಮನೆಗೆ ಹೋಗ್ತಿದ್ದೀಯ" ಎಂದು ಅವಳು ಹೇಳುತ್ತಿದ್ದಳು.

ಆಗ ಅಂಗಳದಲ್ಲಿ ಕಬ್ಬಿಣ ಬಾರಿಸಿದರು.

ಲಾರಿ ಅಂದು ಬೇಗ ಬಂದಿತ್ತು. ಬೂದಿಯ ಎರಡೂ ಕಿವಿ ನೆಟ್ಟಗಾದವು. ನೀರಕ್ಕ ಕುತ್ತಿಗೆಗೆ ಕೈ ಹಾಕಿದಳು. ಹಗ್ಗವಿರಲಿಲ್ಲ, ಒದ್ದೆ ಮೈ ಕೈಯಲ್ಲಿ ನಿಲ್ಲಲಿಲ್ಲ. ಬೂದಿ ದಡ ಹತ್ತಿ, ಮೈ ಕೊಡವಿ, ಬಂದ ದಾರಿಯಲ್ಲೇ ಓಡತೊಡಗಿತು. ಕೆಲಸಕ್ಕೆ ತಡವಾಯಿತು ಎನ್ನುವ ಹಾಗೆ.

"ಬೂದೀ! ಬೇಡ ಕಣೇ! ನಿಲ್ಲೇ!"

ಅವಳೂ ಓಡಿದಳು. ಜಾಲಿಯ ಮುಳ್ಳು ಕಾಲಿಗೆ ನೆಟ್ಟರೂ ತಿಳಿಯಲಿಲ್ಲ. ಬೇಲಿಯ ಕಂಡಿಯಲ್ಲಿ ನುಸುಳುವಾಗ ಕಂಡಳು: ಕೊನೆಯ ಲೋಡಿನ ಕತ್ತೆಗಳು ಓಣಿಯ ಬಾಯಲ್ಲಿ ಕಾಲೂರಿ ನಿಂತಿದ್ದವು, ಮಾತಿನಮಲ್ಲ ಅವುಗಳ ಹಿಂದೆ ಕೋಲಿನಿಂದ ನೆಲ ಬಡಿಯುತ್ತಿದ್ದ. ಬೂದಿ ಎಲ್ಲವನ್ನೂ ಬಳಸಿಕೊಂಡು ಮುಂದಕ್ಕೆ ಹೋಯಿತು. ಕಿವಿಯಾಡಿಸಿ ಒಳಗೆ ನಡೆಯಿತು. ಎಲ್ಲವೂ ಅದರ ಹಿಂದೆ ಹೊರಟವು.

"ಬೀಗ!" ಎಂದು ಕೂಗಿದಳು ನೀರಕ್ಕ. "ಬೀಗ ತೆಗಿಯೋ! ಅವಳು ಒಳಗಿದ್ದಾಳೆ!"

ಮಾತಿನಮಲ್ಲ ಕೋಲು ಬಿಸಾಡಿ ಜೇಬು ತಡಕುತ್ತ ಓಡಿಬಂದ. ಅವನಿಗಿಂತ ಮೊದಲು ಅವಳು ಪಕ್ಕದ ಬಾಗಿಲಿಗೆ ತಲುಪಿದಳು. ಒಳಗಿನಿಂದ ಬೂದಿ ಗುದ್ದುತ್ತಿತ್ತು. ಒಂದು ಸಲ ಗುದ್ದಿ ಕಾಯಿತು. ಅದರ ಪದ್ಧತಿ ಹಾಗೇ. ಯಾರೂ ತೆರೆಯಲಿಲ್ಲ. ಮತ್ತೆ ಗುದ್ದಿತು. ಅವಳು ಅಗುಳಿಯನ್ನು ಎರಡೂ ಕೈಯಿಂದ ಜಗ್ಗಿದಳು, ಬೀಗಕ್ಕೆ ಕಲ್ಲಿನಿಂದ ಹೊಡೆದಳು, "ಇಲ್ಲೇ ಇದ್ದೀನಿ, ಇಲ್ಲೇ ಇದ್ದೀನಿ" ಎಂದಳು. ಹಿಂದಿನಿಂದ ಬರುವ ಕತ್ತೆಗಳ ಗೊರಸಿನ ಸದ್ದು ಹೆಚ್ಚಾಯಿತು. ತಗಡಿಗೆ ಮೈ ಉಜ್ಜಿದ ಸದ್ದು ಕೇಳಿತು. ಗುದ್ದುವುದು ನಿಂತಿತು.

ಬೀಗ ತೆಗೆದಾಗ ತಿರುವಿನಲ್ಲಿ ಬೇರೆ ಕತ್ತೆಗಳಿದ್ದವು. ಒಂದು ಕುಂಟಿ, ಒಂದು ಬಿಳಿ ಮೂತಿಯದು. ಅವು ಬೆಳಕಿಗೆ ಕಣ್ಣು ಮಿಟುಕಿಸಿದವು. ಬೂದಿಯನ್ನು ಹಿಂದಿನ ಒತ್ತು ಮುಂದಕ್ಕೆ ದೂಡಿತ್ತು.

ಕೊಯ್ಯುವವನು ಹೊರಗೆ ಬಂದ. ಅವನು ಅದುವರೆಗೆ ಒಮ್ಮೆಯೂ ನೀರಕ್ಕನೆದುರು ಕೈ ತೊಳೆಯದೆ ಬಂದವನಲ್ಲ. ಇಂದು ಹಾಗೇ ಬಂದಿದ್ದ.

"ಅಕ್ಕ, ಬೂದಿನ ಕರ್ಕೊಂಡು ಹೋದೆ ಅಂತ ಮಲ್ಲ ಹೇಳಿದ್ದ. ಇದು ಕಪ್ಪಗಿತ್ತು. ಒದ್ದೆಯಾಗಿ ಕಪ್ಪಗಿತ್ತು. ನನಗೆ ಗೊತ್ತಾಗಲಿಲ್ಲ ಅಕ್ಕ."

ಬೂದಿಬಣ್ಣ ನೆನೆದರೆ ಕಪ್ಪಾಗುತ್ತದೆ. ನೀರು ಹೊತ್ತು ಬದುಕಿದ ನೀರಕ್ಕನಿಗೆ ಅದು ಗೊತ್ತಿರಬೇಕಿತ್ತು. ಅವಳು ನೆಲದ ಮೇಲೆ ಕೂತಳು. ಮಾತಿನಮಲ್ಲ ಪಕ್ಕದಲ್ಲಿ ಕೂತ. ಒಳಗಿನಿಂದ ಸದ್ದುಗಳು ಬರುತ್ತಿದ್ದವು, ಅವನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಮ್ಯಾನೇಜರ್ ತಡವಾಗಿ ಬಂದ, ಹೇಳಿದ್ದ ಹಾಗೆಯೇ. ನಿಂತು ನೋಡಿದ. ತನ್ನ ಮಡಚಿದ ಕರವಸ್ತ್ರ ತೆಗೆದು ಅವಳ ಕಾಲಿನ ಹತ್ತಿರ, ಮುಳ್ಳು ನೆಟ್ಟು ರಕ್ತ ಸುರಿಯುತ್ತಿದ್ದ ಕಡೆ, ಇಟ್ಟು ಹೋದ.

ಅವಳು ಮನೆಗೆ ಬಂದಾಗ ಹೊತ್ತು ನೆತ್ತಿಗೇರಿತ್ತು. ಅಷ್ಟು ಬೇಗ ಎಂದೂ ಬಂದವಳಲ್ಲ.

"ಏನೇ, ಕೆಲಸ ಇಲ್ವಾ?" ಎಂದಳು ಅತ್ತೆ.

"ಮುಚ್ಚಿಬಿಟ್ರು ಅತ್ತೆ." ಅವಳು ಹಾಸಿಗೆಯ ಪಕ್ಕ ಕೂತಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಕಥೆ ಒಂದಿತ್ತು: ಬೂದಿಗೆ ವಯಸ್ಸಾಗಿತ್ತು, ನಿದ್ದೆಯಲ್ಲೇ ಹೋಯಿತು ಎಂದು. ಬಾಯಿ ತೆರೆದಾಗ ಅದು ಬರಲಿಲ್ಲ. "ನಾನು ಬೂದಿನ ಮಾರಿದ್ದೆ. ಅದು ನೀರಿನ ಕಾರ್ಖಾನೆ ಅಲ್ಲ."

"ಗೊತ್ತು."

ನೀರಕ್ಕ ತಲೆಯೆತ್ತಿದಳು.

"ನನ್ನ ಸೊಂಟ ಮುರಿದಿರೋದು, ಕಣ್ಣಲ್ಲ" ಎಂದಳು ಅತ್ತೆ. "ನಿನ್ನ ಹೆಜ್ಜೆ ಒಣಗಿದ ಕಡೆಯೆಲ್ಲಾ ನೆಲ ಬೆಳ್ಳಗಾಗ್ತಿತ್ತು. ನೀರು ಹೊರೋರ ಕಾಲಿಗೆ ಉಪ್ಪು ಎಲ್ಲಿಂದ ಬರುತ್ತೆ? ಬಾಗಿಲಿಗೆ ಕರ್ಕೊಂಡು ಬಾ ಅಂದಾಗಲೆಲ್ಲ ನೀನು ತಪ್ಪಿಸಿಕೊಂಡೆಯಲ್ಲ, ಆಗ ಗೊತ್ತಾಯ್ತು, ಆಪರೇಷನ್ ದಿನವೇ ಬೂದಿ ಹೋದಳು, ನಾನು ಉಳಿದೆ ಅಂತ. ನೀನು ದಿನಾ ಬಂದು ಅವಳ ಕಥೆ ಕಟ್ಟಿ ಹೇಳ್ತಿದ್ದೆ. ಟೋಪಿ ತಿಂದಳು, ಲಾರಿ ಕೆಳಗೆ ಮಲಗಿದಳು ಅಂತ. ಪಾಪ, ನನಗೋಸ್ಕರ ಎಷ್ಟು ಕಷ್ಟಪಟ್ಟು ಕಥೆ ಹುಟ್ಟಿಸ್ತಾಳೆ ಅಂದ್ಕೊಂಡು ಕೇಳ್ತಿದ್ದೆ. ನಗ್ತಿದ್ದೆ. ಹೋಗಲಿ ಬಿಡು. ಎರಡು ವರ್ಷದ ಮೇಲೆ ಯಾಕೆ ಅಳ್ತೀಯ?"

ಹೇಳದೆ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳದೆ ಬಿಡುವುದೇ ದಯೆಯಾಗಿತ್ತೋ ಏನೋ. ಆದರೆ ನೀರಕ್ಕ ಆ ಬೆಳಿಗ್ಗೆ ಬೂದಿಯ ಕಿವಿಯೊಳಗೆ ಬೆರಳಾಡಿಸಿದ್ದಳು, ಬೆರಳಿಗೆ ಇನ್ನೂ ಆ ಬಿಸುಪು ಇತ್ತು.

"ಅದು ಕಥೆ ಅಲ್ಲ ಅತ್ತೆ. ಅವಳು ಇದ್ದಳು. ಇವತ್ತು ಬೆಳಿಗ್ಗೆವರೆಗೂ ಇದ್ದಳು."

ಅತ್ತೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖದ ಸುಕ್ಕುಗಳೆಲ್ಲ ಒಂದು ಕ್ಷಣ ಬಿಗಿದವು.

"ಬದುಕಿದ್ಲಾ?"

"ಹೂಂ."

"ನಾನು ಬಾಗಿಲಿಗೆ ಕರ್ಕೊಂಡು ಬಾ ಅಂದಾಗ?"

"ಇದ್ದಳು ಅತ್ತೆ. ಬಿಡಲಿಲ್ಲ. ಇವತ್ತು ಕರ್ಕೊಂಡು ಬರ್ತಿದ್ದೆ."

ಅತ್ತೆ ಕೈಯೆತ್ತಿ ಅವಳ ಭುಜಕ್ಕೆ ಹೊಡೆದಳು. ಬಲವಿಲ್ಲದ ಕೈ; ಆದರೂ ಹೊಡೆದಳು, ಮತ್ತೆ ಹೊಡೆದಳು. "ನಾನು ಸತ್ತವಳಿಗೆ ಅತ್ತು ಮುಗಿಸಿದ್ದೆನಲ್ಲೇ! ಬದುಕಿರೋಳಿಗೆ ಅತ್ತು ಮುಗಿಸಿದ್ದೆನಲ್ಲೇ!" ನೀರಕ್ಕ ತಪ್ಪಿಸಿಕೊಳ್ಳಲಿಲ್ಲ. ಕೈ ಸೋತು ಹಾಸಿಗೆಗೆ ಬಿದ್ದಮೇಲೆ ಅತ್ತೆ ಗೋಡೆಯ ಕಡೆ ತಿರುಗಲು ನೋಡಿದಳು. ಆಗಲಿಲ್ಲ. ಅವಳನ್ನು ಹೊರಳಿಸಲು ದಿನವೂ ಸೊಸೆಯ ಕೈಯೇ ಬೇಕಿತ್ತು.

"ತಿರುಗಿಸು ನನ್ನ" ಎಂದಳು. "ನಿನ್ನ ಮುಖ ನೋಡೋಕಾಗಲ್ಲ."

ನೀರಕ್ಕ ಒಂದು ಕೈ ಬೆನ್ನ ಕೆಳಗೆ, ಒಂದು ಕೈ ತೊಡೆಯ ಕೆಳಗೆ ಹಾಕಿ, ನೋವಾಗದ ಹಾಗೆ, ನಿಧಾನವಾಗಿ ಅವಳನ್ನು ಗೋಡೆಯ ಕಡೆ ಹೊರಳಿಸಿದಳು. ದಿಂಬು ಸರಿಪಡಿಸಿದಳು. ಬೆನ್ನಿಗೆ ಹೊದಿಕೆ ಎಳೆದಳು.

ಬಹಳ ಹೊತ್ತಾದ ಮೇಲೆ, ಗೋಡೆಯ ಕಡೆಯಿಂದಲೇ, ಅತ್ತೆಯ ದನಿ ಬಂತು.

"ಕಾಲಿಗೇನು ಮಾಡ್ಕೊಂಡಿದ್ದೀಯ? ರಕ್ತದ ವಾಸನೆ ಬರ್ತಿದೆ."

"ಮುಳ್ಳು."

"ಸೂಜಿ ಬಿಸಿಮಾಡಿ ತೆಗಿ. ಒಳಗೇ ಮುರಿದುಬಿಟ್ರೆ ಕೀವಾಗುತ್ತೆ."

ನೀರಕ್ಕ ಸೂಜಿ ಹುಡುಕಲು ಎದ್ದಳು.